ಮೂತ್ರನಾಳದ ಸ್ಟೆಂಟ್: ತೊಂದರೆಗೆ ಔಷಧವಿದೆ, ತೆಗೆಸುವ ದಿನ ಮರೆಯದಿರಿ

ಮೂತ್ರನಾಳದಲ್ಲಿ ಸಿಕ್ಕಿಕೊಂಡಿದ್ದ ಕಲ್ಲನ್ನು ತೆಗೆದಿದ್ದಾಯಿತು, ಇನ್ನು ನೋವಿನ ಕಾಟವಿಲ್ಲ ಎಂದುಕೊಂಡು ನೀವು ಆಸ್ಪತ್ರೆಯಿಂದ ಮನೆಗೆ ಬರುತ್ತೀರಿ. ಆದರೆ ಮರುದಿನವೇ ಹೊಸ ತೊಂದರೆ ಶುರುವಾಗುತ್ತದೆ. ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕೆನಿಸುತ್ತದೆ. ಹೋದರೆ ನಾಲ್ಕು ಹನಿ, ಜೊತೆಗೆ ಉರಿ. ಮೂತ್ರ ಮಾಡುವಾಗ ಪಕ್ಕೆಯಲ್ಲಿ ಚುಚ್ಚಿದಂತಾಗುತ್ತದೆ. ಬಣ್ಣ ನೋಡಿದರೆ ತಿಳಿಗೆಂಪು. ಕಲ್ಲು ಇನ್ನೂ ಉಳಿದಿದೆಯೇ, ಶಸ್ತ್ರಚಿಕಿತ್ಸೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾಯಿತೇ ಎಂದು ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ.

ಹೆಚ್ಚಿನ ಸಂದರ್ಭಗಳಲ್ಲಿ ಇದಕ್ಕೆ ಕಾರಣ ಕಲ್ಲೂ ಅಲ್ಲ, ಶಸ್ತ್ರಚಿಕಿತ್ಸೆಯ ಲೋಪವೂ ಅಲ್ಲ. ಮೂತ್ರನಾಳದೊಳಗೆ ತಾತ್ಕಾಲಿಕವಾಗಿ ಇಟ್ಟಿರುವ ‘ಸ್ಟೆಂಟ್’ ಎಂಬ ಸಣ್ಣ ಕೊಳವೆಯೇ ಇದರ ಮೂಲ. ಸ್ಟೆಂಟ್ ಹಾಕಿಸಿಕೊಂಡ ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿಗೆ ಒಂದಲ್ಲ ಒಂದು ಬಗೆಯ ತೊಂದರೆ ಇದ್ದೇ ಇರುತ್ತದೆ. ಇದನ್ನು ಹಲ್ಲು ಕಚ್ಚಿ ಸಹಿಸಬೇಕಾದ ಅಗತ್ಯವಿಲ್ಲ. ಕಡಿಮೆ ಮಾಡುವ ಔಷಧಗಳಿವೆ. ಆದರೆ ಅವುಗಳನ್ನು ಯಾರು, ಯಾವಾಗ, ಎಷ್ಟು ದಿನ ತೆಗೆದುಕೊಳ್ಳಬೇಕು ಎಂಬುದನ್ನು ತಿಳಿದಿರಬೇಕು.

ಏನಿದು ಸ್ಟೆಂಟ್?

ಮೂತ್ರಪಿಂಡದಲ್ಲಿ ಸೋಸಿದ ಮೂತ್ರವು ಮೂತ್ರನಾಳದ ಮೂಲಕ ಕೆಳಗಿಳಿದು ಮೂತ್ರಕೋಶದಲ್ಲಿ ಸಂಗ್ರಹವಾಗುತ್ತದೆ. ದೊಡ್ಡವರಲ್ಲಿ ಈ ನಾಳದ ಉದ್ದ 22ರಿಂದ 30 ಸೆಂ.ಮೀ. ಒಳಗಿನ ಅಗಲ ಮಾತ್ರ ಕೆಲವೇ ಮಿಲಿಮೀಟರು. ಇಷ್ಟು ಕಿರಿದಾದ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಾಗ, ಅಥವಾ ದೂರದರ್ಶಕದಂಥ ಉಪಕರಣವನ್ನು ಒಳಗೆ ತೂರಿಸಿ ಕಲ್ಲನ್ನು ಪುಡಿಮಾಡಿದಾಗ, ಒಳಪದರ ಊದಿಕೊಳ್ಳುತ್ತದೆ. ಊತದಿಂದ ದಾರಿ ಮುಚ್ಚಿದರೆ ಮೂತ್ರ ಹಿಂದಕ್ಕೆ ನಿಂತು ಮೂತ್ರಪಿಂಡದ ಮೇಲೆ ಒತ್ತಡ ಬೀಳುತ್ತದೆ. ಹಾಗಾಗದಂತೆ ದಾರಿಯನ್ನು ತೆರೆದಿಡಲು ಹಾಕುವ ಮೆತ್ತನೆಯ ಪ್ಲಾಸ್ಟಿಕ್ ಕೊಳವೆಯೇ ಸ್ಟೆಂಟ್. ಇದರ ದಪ್ಪ ಸುಮಾರು 2 ಮಿ.ಮೀ. ಮೈಯುದ್ದಕ್ಕೂ ಸಣ್ಣ ಸಣ್ಣ ತೂತುಗಳಿರುತ್ತವೆ.

ಕೊಳವೆ ಮೇಲಕ್ಕೂ ಕೆಳಕ್ಕೂ ಜಾರದಂತೆ ಅದರ ಎರಡೂ ತುದಿಗಳು ಸುರುಳಿಯಾಗಿರುತ್ತವೆ. ಒಂದು ಸುರುಳಿ ಮೂತ್ರಪಿಂಡದಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ. ಸುರುಳಿಗಳು ಇಂಗ್ಲಿಷಿನ ‘ಜೆ’ ಅಕ್ಷರದ ಆಕಾರದಲ್ಲಿರುವುದರಿಂದ ಆಸ್ಪತ್ರೆಗಳಲ್ಲಿ ಇದಕ್ಕೆ ‘ಡಬಲ್ ಜೆ’ ಅಥವಾ ‘ಡಿಜೆ ಸ್ಟೆಂಟ್’ ಎನ್ನುತ್ತಾರೆ. 1967ರಲ್ಲಿ ಜಿಮ್‌ಸ್ಕಿಂಡ್ ಮತ್ತು ಸಂಗಡಿಗರು ಸಿಲಿಕೋನ್ ಕೊಳವೆಯನ್ನು ಮೂತ್ರನಾಳದೊಳಗೆ ಇಟ್ಟ ಅನುಭವವನ್ನು ಪ್ರಕಟಿಸಿದರು. ಆದರೆ ಆ ನೇರ ಕೊಳವೆಗಳು ಜಾರಿ ಹೋಗುತ್ತಿದ್ದವು. ಎರಡೂ ತುದಿ ಸುರುಳಿಯಾದ ಈಗಿನ ರೂಪವನ್ನು 1978ರಲ್ಲಿ ರಾಯ್ ಫಿನ್ನಿ ಎಂಬ ಅಮೆರಿಕದ ವೈದ್ಯರು ವಿವರಿಸಿದರು.

ಇಲ್ಲೊಂದು ಮಾತನ್ನು ಚೆನ್ನಾಗಿ ನೆನಪಿಡಿ. ಸ್ಟೆಂಟ್ ಎಂದ ಕೂಡಲೇ ನಮಗೆ ನೆನಪಾಗುವುದು ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟ್. ಅದು ಲೋಹದ ಜಾಲರಿ. ಒಮ್ಮೆ ಹಾಕಿದರೆ ಅಲ್ಲೇ ಉಳಿಯುವಂಥದ್ದು. ಮೂತ್ರನಾಳದ ಸ್ಟೆಂಟ್ ಹಾಗಲ್ಲ. ಇದನ್ನು ಹೇಳಿದ ದಿನಕ್ಕೆ ತೆಗೆಸಲೇಬೇಕು. ಎರಡರ ಹೆಸರೂ ಒಂದೇ ಆದ್ದರಿಂದ ‘ಹಾಕಿದ್ದಾರೆ, ಇರಲಿ ಬಿಡು’ ಎಂದು ಸುಮ್ಮನಾಗುವ ಅಪಾಯವಿದೆ.

ತೊಂದರೆ ಏಕೆ?

ಔಷಧ ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿಯಬೇಕಾದರೆ ನೋವು ಎಲ್ಲಿ ಹುಟ್ಟುತ್ತದೆ ಎಂಬುದು ಗೊತ್ತಿರಬೇಕು. ಮುಖ್ಯ ಕಾರಣಗಳು ಮೂರು.

ಮೊದಲನೆಯದು, ಮೂತ್ರಕೋಶದಲ್ಲಿರುವ ಕೆಳಗಿನ ಸುರುಳಿ. ಮೂತ್ರಕೋಶದ ತಳಭಾಗದಲ್ಲಿ ನರಗಳು ದಟ್ಟವಾಗಿರುವ ತ್ರಿಕೋನಾಕಾರದ ಜಾಗವೊಂದಿದೆ. ನಡೆದಾಗ, ಬಗ್ಗಿದಾಗ, ಮೂತ್ರಕೋಶ ಖಾಲಿಯಾದಾಗ ಸುರುಳಿ ಆ ಜಾಗಕ್ಕೆ ಉಜ್ಜುತ್ತದೆ. ಆಗ ಮೂತ್ರ ತುಂಬದಿದ್ದರೂ ತುಂಬಿದಂತೆನಿಸಿ ಅವಸರವಾಗುತ್ತದೆ. ಮೂತ್ರ ಮಾಡಿದ ಮೇಲೂ ಇನ್ನೂ ಉಳಿದಿದೆ ಎಂಬ ಭಾವನೆ ಹೋಗುವುದಿಲ್ಲ. ಉಜ್ಜಿದ ಜಾಗದಿಂದ ಒಂದಿಷ್ಟು ರಕ್ತ ಒಸರುವುದೂ ಉಂಟು.

ಎರಡನೆಯದು, ಮೂತ್ರ ಹಿಂದಕ್ಕೆ ನುಗ್ಗುವುದು. ಸಹಜವಾಗಿ ಮೂತ್ರನಾಳದ ಕೆಳತುದಿ ಒಂದು ಕವಾಟದಂತೆ ಕೆಲಸ ಮಾಡುತ್ತದೆ. ಮೂತ್ರಕೋಶ ಹಿಂಡಿದಾಗ ಮೂತ್ರ ಮೇಲಕ್ಕೆ ಹೋಗದಂತೆ ಅದು ತಡೆಯುತ್ತದೆ. ಸ್ಟೆಂಟ್ ಇದ್ದಾಗ ಈ ಬಾಗಿಲು ಸದಾ ತೆರೆದೇ ಇರುತ್ತದೆ. ಮೂತ್ರ ಮಾಡುವಾಗ ಒತ್ತಡ ನೇರವಾಗಿ ಮೂತ್ರಪಿಂಡಕ್ಕೆ ತಲುಪುತ್ತದೆ. ಮೂತ್ರ ಮಾಡುವ ಹೊತ್ತಿನಲ್ಲೇ ಪಕ್ಕೆ ನೋಯುವುದು ಇದರಿಂದ.

ಮೂರನೆಯದು, ನಾಳದ ಸ್ನಾಯುಗಳ ಸೆಳೆತ. ಒಳಗಿರುವ ಹೊರವಸ್ತುವನ್ನು ತಳ್ಳಲು ಮೂತ್ರನಾಳದ ಸ್ನಾಯುಗಳು ಬಿಗಿಹಿಡಿಯುತ್ತವೆ. ಕಿಬ್ಬೊಟ್ಟೆ, ತೊಡೆಸಂದು, ಗಂಡಸರಲ್ಲಿ ವೃಷಣ ಮತ್ತು ಶಿಶ್ನದ ತುದಿಯವರೆಗೂ ನೋವು ಹರಡಬಹುದು.

ಆಲ್ಫಾ ತಡೆಗಳು

ಸ್ಟೆಂಟಿನ ತೊಂದರೆಗೆ ಅತಿ ಹೆಚ್ಚು ಅಧ್ಯಯನವಾಗಿರುವುದು ಈ ಗುಂಪಿನ ಔಷಧಗಳು. ಟ್ಯಾಮ್‌ಸುಲೋಸಿನ್, ಆಲ್ಫುಜೋಸಿನ್, ಸಿಲೋಡೋಸಿನ್ ಎಂಬವು ಇದರಲ್ಲಿ ಮುಖ್ಯವಾದವು. ದೊಡ್ಡವರಿಗೆ ಟ್ಯಾಮ್‌ಸುಲೋಸಿನ್ ಸಾಮಾನ್ಯವಾಗಿ ದಿನಕ್ಕೊಮ್ಮೆ 0.4 ಮಿ.ಗ್ರಾಂ. ಪ್ರಮಾಣದಲ್ಲಿ ಕೊಡುತ್ತಾರೆ. ಇವು ಮೂತ್ರನಾಳದ ಕೆಳಭಾಗದ ಮತ್ತು ಮೂತ್ರಕೋಶದ ಕುತ್ತಿಗೆಯ ಸ್ನಾಯುಗಳನ್ನು ಸಡಿಲಿಸುತ್ತವೆ. ಸೆಳೆತ ಇಳಿಯುತ್ತದೆ. ಮೂತ್ರ ಮಾಡುವಾಗಿನ ಒತ್ತಡವೂ ಕಡಿಮೆಯಾಗುವುದರಿಂದ ಪಕ್ಕೆ ನೋವಿಗೂ ಉಪಶಮನ ಸಿಗುತ್ತದೆ.

ಈ ಗುಳಿಗೆಯ ವಿಚಾರದಲ್ಲಿ ಒಂದು ಗೊಂದಲ ಸಾಮಾನ್ಯ. ಪೊಟ್ಟಣದೊಳಗಿನ ಕಾಗದದಲ್ಲಿ ‘ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆ’ ಎಂದು ಬರೆದಿರುತ್ತದೆ. ಹೆಂಗಸರಿಗೆ ಪ್ರಾಸ್ಟೇಟ್ ಗ್ರಂಥಿಯೇ ಇಲ್ಲವಲ್ಲ, ಔಷಧದಂಗಡಿಯವರು ತಪ್ಪು ಗುಳಿಗೆ ಕೊಟ್ಟರೇ ಎಂದು ಅನುಮಾನಿಸಿ ಎತ್ತಿಟ್ಟುಬಿಡುವವರಿದ್ದಾರೆ. ಮೂಲತಃ ಇದು ಪ್ರಾಸ್ಟೇಟ್ ತೊಂದರೆಗೆಂದು ಬಂದ ಔಷಧ ನಿಜ. ಆದರೆ ಅದು ಸಡಿಲಿಸುವ ಬಗೆಯ ಸ್ನಾಯುಗಳು ಹೆಂಗಸರ ಮೂತ್ರನಾಳದಲ್ಲಿಯೂ ಇವೆ. ಆದ್ದರಿಂದ ಸ್ಟೆಂಟ್ ಇರುವ ಹೆಂಗಸರಿಗೂ ವೈದ್ಯರು ಇದನ್ನು ಬರೆದುಕೊಡುತ್ತಾರೆ. ಅನುಮಾನವಿದ್ದರೆ ಕೇಳಿ ತಿಳಿದುಕೊಳ್ಳಿ, ತಾವಾಗಿ ನಿಲ್ಲಿಸಬೇಡಿ.

ಅಡ್ಡ ಪರಿಣಾಮಗಳೂ ಇವೆ. ಹಾಸಿಗೆಯಿಂದ ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ರಾತ್ರಿ ಮೂತ್ರಕ್ಕೆಂದು ಏಳುವ ವಯಸ್ಸಾದವರು ಬೀಳುವುದು ಹೀಗೆಯೇ. ಮೊದಲು ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕುಳಿತು, ದೀಪ ಹಾಕಿ, ನಂತರ ಏಳಬೇಕು. ಮೂಗು ಕಟ್ಟಬಹುದು. ಗಂಡಸರಲ್ಲಿ ಸಂಭೋಗದ ವೇಳೆ ವೀರ್ಯ ಹೊರಬಾರದಿರಬಹುದು. ಔಷಧ ನಿಲ್ಲಿಸಿದ ಮೇಲೆ ಇದು ಸರಿಹೋಗುತ್ತದೆ. ಈಗಾಗಲೇ ರಕ್ತದೊತ್ತಡಕ್ಕೆ ಅಥವಾ ಲೈಂಗಿಕ ದೌರ್ಬಲ್ಯಕ್ಕೆ ಗುಳಿಗೆ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲಿರುವವರು ಕಣ್ಣಿನ ವೈದ್ಯರಿಗೂ ಈ ಔಷಧದ ವಿಷಯ ತಿಳಿಸಬೇಕು. ಏಕೆಂದರೆ ಇದು ಕಣ್ಣಿನ ಪಾಪೆಯ ಸುತ್ತಲಿನ ಪರದೆಯನ್ನು ಸಡಿಲಗೊಳಿಸಿ ಶಸ್ತ್ರಚಿಕಿತ್ಸೆಗೆ ತೊಡಕಾಗಬಹುದು.

ಮೂತ್ರಕೋಶವನ್ನು ಶಾಂತಗೊಳಿಸುವ ಔಷಧಗಳು

ಪಕ್ಕೆ ನೋವಿಗಿಂತ ಅವಸರ, ಪದೇಪದೇ ಮೂತ್ರ, ಹೋಗುವಷ್ಟರಲ್ಲಿ ಬಟ್ಟೆ ಒದ್ದೆಯಾಗುವುದು ಇವೇ ಹೆಚ್ಚಾಗಿದ್ದರೆ ಬೇರೊಂದು ಗುಂಪಿನ ಔಷಧ ಬೇಕಾಗುತ್ತದೆ. ಸೋಲಿಫೆನಾಸಿನ್, ಟೋಲ್ಟೆರೋಡಿನ್, ಆಕ್ಸಿಬ್ಯುಟಿನಿನ್ ಈ ಗುಂಪಿನವು. ಮೂತ್ರಕೋಶದ ಸ್ನಾಯು ಅಕಾಲದಲ್ಲಿ ಹಿಂಡದಂತೆ ಇವು ತಡೆಯುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು ಇವುಗಳ ಅಡ್ಡ ಪರಿಣಾಮಗಳು. ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ ಮತ್ತು ಮೂತ್ರ ಪೂರ್ತಿ ಖಾಲಿಯಾಗದೆ ಕಟ್ಟಿಕೊಳ್ಳುವ ತೊಂದರೆ ಇರುವವರಿಗೆ ಇವು ಹೊಂದುವುದಿಲ್ಲ. ವಯಸ್ಸಾದವರಲ್ಲಿ ಒಮ್ಮೊಮ್ಮೆ ಮರೆವು, ಗಲಿಬಿಲಿ ಕಾಣಿಸಬಹುದು. ಮನೆಯವರು ಇದನ್ನು ಗಮನಿಸುತ್ತಿರಬೇಕು.

ಮಿರಾಬೆಗ್ರಾನ್ ಎಂಬ ಔಷಧ ಇನ್ನೊಂದು ದಾರಿಯಿಂದ ಮೂತ್ರಕೋಶವನ್ನು ಸಡಿಲಿಸುತ್ತದೆ. ಬಾಯಿ ಒಣಗುವ ಕಾಟ ಇದರಲ್ಲಿ ಕಡಿಮೆ. ಆದರೆ ರಕ್ತದೊತ್ತಡವನ್ನು ಏರಿಸಬಹುದು. ಹತೋಟಿಗೆ ಬಾರದ ತೀವ್ರ ರಕ್ತದೊತ್ತಡ ಇರುವವರು ಇದನ್ನು ತೆಗೆದುಕೊಳ್ಳಬಾರದು.

ಒಂದೇ ಔಷಧದಿಂದ ಸಾಕಷ್ಟು ಗುಣ ಕಾಣದಿದ್ದಾಗ ಆಲ್ಫಾ ತಡೆಯ ಜೊತೆಗೆ ಈ ಗುಂಪಿನ ಔಷಧವನ್ನು ಸೇರಿಸಿ ಕೊಡುವುದುಂಟು. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2016ರಲ್ಲಿ ಹೊರತಂದ ಕಲ್ಲಿನ ಚಿಕಿತ್ಸೆಯ ಮಾರ್ಗಸೂಚಿಯೂ ಸ್ಟೆಂಟಿನ ತೊಂದರೆಗೆ ಈ ಎರಡು ಬಗೆಯ ಔಷಧಗಳನ್ನು ಕೊಡಬಹುದೆಂದು ಹೇಳುತ್ತದೆ. ಎರಡನ್ನೂ ಕೂಡಿಸುವುದು ವೈದ್ಯರ ನಿರ್ಧಾರವಾಗಬೇಕೇ ಹೊರತು ಪಕ್ಕದ ಮನೆಯವರ ಅನುಭವದ ಮೇಲೆ ಅಲ್ಲ.

ನೋವಿನ ಗುಳಿಗೆ: ಜೋಪಾನ

ಸಾಧಾರಣ ನೋವಿಗೆ ಪ್ಯಾರಾಸಿಟಮಾಲ್ ಮೊದಲ ಆಯ್ಕೆ. ಆದರೆ ಅದು ನೋವಿನ ಜೊತೆಗೆ ಜ್ವರವನ್ನೂ ಇಳಿಸುತ್ತದೆ. ಸ್ಟೆಂಟ್ ಇರುವವರಲ್ಲಿ ಜ್ವರ ಬಹು ಮುಖ್ಯವಾದ ಎಚ್ಚರಿಕೆಯ ಗಂಟೆ. ಆದ್ದರಿಂದ ಮೈ ಬೆಚ್ಚಗಿದೆ ಎನಿಸಿದರೆ ಗುಳಿಗೆ ನುಂಗುವ ಮೊದಲು ಥರ್ಮಾಮೀಟರ್ ಇಟ್ಟು ನೋಡಿ ಬರೆದಿಟ್ಟುಕೊಳ್ಳಿ.

ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ಗುಳಿಗೆಗಳು ಈ ನೋವಿಗೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಇವು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕಡಿಮೆ ಮಾಡಬಲ್ಲವು. ಕಲ್ಲಿನಿಂದ ಮೊದಲೇ ಬಳಲಿರುವ ಮೂತ್ರಪಿಂಡಕ್ಕೆ ಇದು ಇನ್ನೊಂದು ಪೆಟ್ಟು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಹೊಟ್ಟೆಹುಣ್ಣು ಇರುವವರು, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಹೆಚ್ಚಿರುವವರು ಕೇಳದೆ ಇವನ್ನು ಮುಟ್ಟಬಾರದು. ಉಳಿದವರೂ ವೈದ್ಯರು ಹೇಳಿದಷ್ಟು ದಿನ, ಊಟದ ನಂತರ, ಸಾಕಷ್ಟು ನೀರು ಕುಡಿಯುತ್ತಾ ತೆಗೆದುಕೊಳ್ಳಬೇಕು. ಅಂಗಡಿಯಲ್ಲಿ ಬಿಡಿಯಾಗಿ ಕೇಳಿ ತಂದು ವಾರಗಟ್ಟಲೆ ನುಂಗುವ ಅಭ್ಯಾಸ ಖಂಡಿತ ಬೇಡ.

ಉರಿಗೆಂದು ಫೆನಾಜೊಪಿರಿಡಿನ್ ಎಂಬ ಗುಳಿಗೆಯನ್ನು ಒಂದೆರಡು ದಿನ ಕೊಡುವುದುಂಟು. ಇದನ್ನು ತೆಗೆದುಕೊಂಡಾಗ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಬಟ್ಟೆಗೂ ಕಲೆಯಾಗುತ್ತದೆ. ಅದನ್ನು ರಕ್ತವೆಂದು ತಿಳಿದು ಹೆದರಬೇಡಿ. ಮೂತ್ರದ ಹುಳಿಯನ್ನು ತಗ್ಗಿಸುವ ಸಿರಪ್‌ಗಳು ಉರಿಗೆ ಒಂದಿಷ್ಟು ಹಿತ ಕೊಡಬಹುದು. ಸುರುಳಿ ಉಜ್ಜುವುದನ್ನಾಗಲಿ, ಸ್ನಾಯು ಸೆಳೆತವನ್ನಾಗಲಿ ಅವು ನಿಲ್ಲಿಸಲಾರವು. ಇಂಥ ಸಿರಪ್‌ಗಳಲ್ಲಿ ಸೋಡಿಯಂ ಇಲ್ಲವೆ ಪೊಟ್ಯಾಸಿಯಂ ಇರುವುದರಿಂದ ರಕ್ತದೊತ್ತಡ ಮತ್ತು ಮೂತ್ರಪಿಂಡದ ತೊಂದರೆ ಇರುವವರು ವಿಚಾರಿಸಿಯೇ ಕುಡಿಯಬೇಕು.

ಉರಿ ಎಂದ ಕೂಡಲೇ ‘ಇನ್‌ಫೆಕ್ಷನ್’ ಎಂದು ಭಾವಿಸಿ ಆಂಟಿಬಯಾಟಿಕ್ ಕೇಳುವವರೂ ಉಂಟು. ಸ್ಟೆಂಟ್ ಇರುವಾಗ ಸೋಂಕು ಇಲ್ಲದಿದ್ದರೂ ಮೂತ್ರ ಪರೀಕ್ಷೆಯಲ್ಲಿ ರಕ್ತಕಣ, ಕೀವುಕಣ ಕಾಣಿಸುತ್ತವೆ. ಕಲ್ಚರ್ ಪರೀಕ್ಷೆ ಮತ್ತು ರೋಗಿಯ ಲಕ್ಷಣ ನೋಡಿ ವೈದ್ಯರು ನಿರ್ಧರಿಸಬೇಕು. ಸೋಂಕಿಲ್ಲದೆ ನುಂಗಿದ ಆಂಟಿಬಯಾಟಿಕ್ ಸ್ಟೆಂಟಿನ ಉರಿಯನ್ನು ಕಡಿಮೆ ಮಾಡುವುದಿಲ್ಲ. ನಾಳೆ ನಿಜವಾಗಿ ಬೇಕಾದಾಗ ಅದು ಕೆಲಸಕ್ಕೆ ಬಾರದಂತೆ ಮಾಡುತ್ತದೆ, ಅಷ್ಟೆ.

ಗರ್ಭಿಣಿಯರು ಮತ್ತು ಮೊಲೆಯೂಡಿಸುವ ತಾಯಂದಿರು ಮೇಲೆ ಹೇಳಿದ ಯಾವ ಔಷಧವನ್ನೂ ವೈದ್ಯರ ಸಲಹೆ ಇಲ್ಲದೆ ತೆಗೆದುಕೊಳ್ಳಬಾರದು.

ಮನೆಯಲ್ಲಿ ಏನು ಮಾಡಬಹುದು?

ನೀರು ಚೆನ್ನಾಗಿ ಕುಡಿಯಿರಿ. ಮೂತ್ರ ತಿಳಿಹಳದಿ ಇರುವಷ್ಟು ಕುಡಿದರೆ ಸರಿ. ದೊಡ್ಡವರಿಗೆ ದಿನಕ್ಕೆ ಎರಡೂವರೆ ಲೀಟರಿನಷ್ಟು ಬೇಕಾಗಬಹುದು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹೃದಯದ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿನ ಮಿತಿ ಇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಪದೇಪದೇ ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ. ರಾತ್ರಿ ನಿದ್ದೆ ಕೆಡದಿರಲು ಹಗಲಿನಲ್ಲೇ ಹೆಚ್ಚು ಕುಡಿದು, ಮಲಗುವ ಒಂದೆರಡು ಗಂಟೆ ಮೊದಲು ಕಡಿಮೆ ಮಾಡಿ. ಕಾಫಿ, ಟೀ ಮೂತ್ರಕೋಶವನ್ನು ಕೆರಳಿಸುತ್ತವೆ. ಪೂರ್ತಿ ಬಿಡಲಾಗದಿದ್ದರೆ ಅರ್ಧಕ್ಕಿಳಿಸಿ.

ಬಾಳೆದಿಂಡಿನ ರಸ, ಬಾರ್ಲಿ ನೀರು ಕುಡಿಯಬಹುದೇ ಎಂದು ಕೇಳುವವರು ಬಹಳ. ಕುಡಿಯಬಹುದು, ಒಳಕ್ಕೆ ಹೋಗುವ ನೀರಿನಂಶ ಹೆಚ್ಚುತ್ತದೆ. ಆದರೆ ಅವು ಔಷಧದ ಬದಲಿಯಲ್ಲ. ಕ್ರಿಯಾಟಿನಿನ್ ಹೆಚ್ಚಿರುವವರು ಎಳನೀರು ಮತ್ತು ಬಾಳೆದಿಂಡಿನ ರಸವನ್ನು ಕೇಳದೆ ಕುಡಿಯಬಾರದು. ಅವುಗಳಲ್ಲಿ ಪೊಟ್ಯಾಸಿಯಂ ಇದೆ.

ಮೂತ್ರವನ್ನು ಕಟ್ಟಿ ಹಿಡಿಯಬೇಡಿ, ಮುಕ್ಕಿ ಮುಕ್ಕಿ ಮಾಡಲೂ ಬೇಡಿ. ಎರಡರಿಂದಲೂ ಮೂತ್ರಪಿಂಡದ ಮೇಲಿನ ಒತ್ತಡ ಹೆಚ್ಚುತ್ತದೆ. ಮಲಬದ್ಧತೆ ಆಗದಂತೆ ಸೊಪ್ಪು, ತರಕಾರಿ, ಹಣ್ಣು ತಿನ್ನಿ. ಕಿಬ್ಬೊಟ್ಟೆಗೆ ಬಿಸಿನೀರಿನ ಶಾಖ ಕೊಟ್ಟರೆ ಹಿತವೆನಿಸುತ್ತದೆ. ನಡೆದಾಡಬಹುದು, ಕೆಲಸಕ್ಕೂ ಹೋಗಬಹುದು. ಆದರೆ ಭಾರ ಎತ್ತಿದಾಗ, ಹಳ್ಳದಿಣ್ಣೆಯ ರಸ್ತೆಯಲ್ಲಿ ಬಸ್ಸಿನಲ್ಲೋ ಸ್ಕೂಟರಿನಲ್ಲೋ ಕುಲುಕಿಸಿಕೊಂಡು ಬಂದಾಗ ಮೂತ್ರ ಕೆಂಪಾಗಬಹುದು. ವಿಶ್ರಾಂತಿ ತೆಗೆದುಕೊಂಡು ನೀರು ಕುಡಿದರೆ ತಿಳಿಯಾಗುತ್ತದೆ.

ತಡಮಾಡದೆ ಹೋಗಬೇಕಾದದ್ದು

ಕೆಲವು ಲಕ್ಷಣಗಳಿಗೆ ಮನೆಯಲ್ಲಿ ಗುಳಿಗೆ ನುಂಗಿ ಕಾಯುವಂತಿಲ್ಲ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಅದರಲ್ಲೂ ನಡುಕ ಹುಟ್ಟಿಸುವ ಚಳಿಜ್ವರ, ಮೂತ್ರ ಪೂರ್ತಿ ಕಟ್ಟಿಹೋಗುವುದು, ರಕ್ತ ಹೆಪ್ಪುಗಟ್ಟಿ ಗಡ್ಡೆಗಡ್ಡೆಯಾಗಿ ಬರುವುದು, ಔಷಧಕ್ಕೂ ಜಗ್ಗದ ನಿರಂತರ ನೋವು, ಎಡೆಬಿಡದ ವಾಂತಿ, ಅರಿವಿಲ್ಲದೆ ಮೂತ್ರ ಸದಾ ಸೋರುವುದು. ಕೊನೆಯದು ಸ್ಟೆಂಟ್ ಕೆಳಕ್ಕೆ ಜಾರಿರುವುದರ ಸೂಚನೆಯಾಗಿರಬಹುದು. ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯೇ ಆಗಿರಲಿ, ಆಸ್ಪತ್ರೆಗೆ ಹೋಗಬೇಕು. ಮೂತ್ರಪಿಂಡದಲ್ಲಿ ಹತ್ತಿದ ಸೋಂಕು ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯ.

ತೆಗೆಸುವ ದಿನ

ಔಷಧ ಚೆನ್ನಾಗಿ ಕೆಲಸ ಮಾಡಿದಾಗಲೇ ಇನ್ನೊಂದು ಅಪಾಯ ಹುಟ್ಟುತ್ತದೆ. ನೋವು ಹೋಯಿತು, ಉರಿ ನಿಂತಿತು, ಸ್ಟೆಂಟ್ ಇದೆಯೆಂಬುದೇ ಮರೆತುಹೋಗುತ್ತದೆ. ಕಲ್ಲಿನ ಚಿಕಿತ್ಸೆಯ ನಂತರ ಹಾಕಿದ ಸ್ಟೆಂಟನ್ನು ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ತೆಗೆಯುತ್ತಾರೆ. ಹೆಚ್ಚು ಕಾಲ ಬಿಟ್ಟರೆ ಮೂತ್ರದಲ್ಲಿರುವ ಲವಣಗಳು ಅದರ ಮೇಲೆ ಪದರಪದರವಾಗಿ ಕೂರುತ್ತವೆ. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಕರೆ ಕಟ್ಟುತ್ತದಲ್ಲ, ಹಾಗೆ. 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರು ವಾರದೊಳಗೆ ತೆಗೆದ ಸ್ಟೆಂಟುಗಳಲ್ಲಿ ಶೇ. 9ರಷ್ಟರಲ್ಲಿ ಮಾತ್ರ ಹೀಗೆ ಕಲ್ಲು ಕಟ್ಟಿತ್ತು. ಆರರಿಂದ ಹನ್ನೆರಡು ವಾರ ಇದ್ದವುಗಳಲ್ಲಿ ಅರ್ಧದ ಹತ್ತಿರ, ಹನ್ನೆರಡು ವಾರ ದಾಟಿದವುಗಳಲ್ಲಿ ಶೇ. 76ರಷ್ಟು. ಕಲ್ಲು ಕಟ್ಟಿದ ಸ್ಟೆಂಟ್ ಎಳೆದರೆ ಬರುವುದಿಲ್ಲ, ತುಂಡಾಗಲೂಬಹುದು. ಐದು ನಿಮಿಷದ ಕೆಲಸಕ್ಕೆ ಬದಲು ದೊಡ್ಡ ಶಸ್ತ್ರಚಿಕಿತ್ಸೆಗಳೇ ಬೇಕಾಗುತ್ತವೆ. ವರ್ಷಗಟ್ಟಲೆ ಮರೆತವರಲ್ಲಿ ಮೂತ್ರಪಿಂಡವನ್ನೇ ಕಳೆದುಕೊಂಡವರಿದ್ದಾರೆ.

ತೆಗೆಯುವುದು ಕಷ್ಟದ ಕೆಲಸವಲ್ಲ. ಮೂತ್ರದ್ವಾರಕ್ಕೆ ಮರಗಟ್ಟಿಸುವ ಜೆಲ್ಲಿ ಹಾಕಿ, ತೆಳುವಾದ ದರ್ಶಕವನ್ನು ಒಳಗಿಳಿಸಿ, ಚಿಮ್ಮಟದಂಥ ಸಾಧನದಿಂದ ಹಿಡಿದು ಎಳೆದುಬಿಡುತ್ತಾರೆ. ಕೆಲವೇ ನಿಮಿಷ ಸಾಕು. ಮಕ್ಕಳಿಗೆ ಅರಿವಳಿಕೆ ಬೇಕಾಗುತ್ತದೆ. ತೆಗೆದ ನಂತರ ಒಂದು ದಿನ ಪಕ್ಕೆಯಲ್ಲಿ ಸೆಳೆತ ಬರಬಹುದು. ಅದಕ್ಕೆ ಮುಂಚಿತವಾಗಿಯೇ ಒಂದು ನೋವಿನ ಗುಳಿಗೆ ಕೊಡುವ ಪದ್ಧತಿಯೂ ಇದೆ. ತೆಗೆಸುವ ದಿನ ನಿಮ್ಮ ವೈದ್ಯರನ್ನು ಕೇಳಿ. ಅವಸರ, ಉರಿ ಒಂದೆರಡು ದಿನಗಳಲ್ಲಿ ಇಳಿಯುತ್ತವೆ. ಸ್ಟೆಂಟಿಗಾಗಿ ಕೊಟ್ಟಿದ್ದ ಔಷಧಗಳನ್ನು ಆಮೇಲೆ ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂಬುದನ್ನೂ ಆ ದಿನವೇ ಕೇಳಿಕೊಳ್ಳಿ.

ಆಸ್ಪತ್ರೆಯಿಂದ ಹೊರಡುವ ಮುನ್ನ ಬಿಡುಗಡೆ ಚೀಟಿಯಲ್ಲಿ ಮೂರು ವಿಷಯ ಬರೆದಿದೆಯೇ ನೋಡಿ: ಸ್ಟೆಂಟ್ ಹಾಕಿದ್ದಾರೆಯೇ, ಯಾವ ಬದಿಗೆ, ಯಾವ ದಿನಾಂಕದೊಳಗೆ ತೆಗೆಸಬೇಕು. ಆ ದಿನಾಂಕಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ, ಮೊಬೈಲಿನಲ್ಲೂ ನೆನಪಿನ ಗಂಟೆ ಇಡಿ, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ. ಊರಿಗೆ ಹೋಗುವುದಿದ್ದರೆ, ಮನೆಯಲ್ಲಿ ಮದುವೆ ಇದ್ದರೆ, ಮೊದಲೇ ವೈದ್ಯರಿಗೆ ತಿಳಿಸಿ ದಿನ ಹೊಂದಿಸಿಕೊಳ್ಳಿ. ಔಷಧದಿಂದ ನಿಮ್ಮ ದಿನಗಳು ಹಗುರಾಗುತ್ತವೆ. ಆದರೆ ಚಿಕಿತ್ಸೆ ಮುಗಿಯುವುದು ಸ್ಟೆಂಟ್ ಹೊರಬಂದ ದಿನವೇ.